ಹಡಗುಗಳು ಹೊರಟ ದಡಕ್ಕೆ: ಪೋರ್ಚುಗಲ್ ಪ್ರವಾಸದ ಒಂದು ಯೋಜನೆ

ಪ್ರವಾಸ ಹೊರಡುವ ಮುನ್ನ ಸಾಮಾನ್ಯವಾಗಿ ನಾವು ಕೇಳುವ ಪ್ರಶ್ನೆಗಳು ಮೂರು. ಎಲ್ಲಿಗೆ ಹೋಗುವುದು? ಎಷ್ಟು ದಿನ? ಎಷ್ಟು ಖರ್ಚು? ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇತಿಹಾಸವನ್ನು ಓದುವ ವಿದ್ಯಾರ್ಥಿ ಇವುಗಳ ಜೊತೆಗೆ ಇನ್ನೂ ಮೂರನ್ನು ಕೇಳಿಕೊಳ್ಳಬೇಕಾಗುತ್ತದೆ. ಈ ಊರಿನಿಂದ ಹೊರಟವರು ಯಾರು, ಇಲ್ಲಿಗೆ ಬಂದವರು ಯಾರು? ಈ ದೊಡ್ಡ ಕಟ್ಟಡಕ್ಕೆ ಹಣ ಎಲ್ಲಿಂದ ಬಂತು? ಇದನ್ನು ಕಟ್ಟಿದವರಿಗೆ, ಇಲ್ಲಿಂದ ಹಡಗು ಹತ್ತಿದವರಿಗೆ ಆಹಾರ ಬೆಳೆದುಕೊಟ್ಟವರು ಯಾರು? ಮೊದಲ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಕರಾವಳಿಯಲ್ಲಿ ಸಿಗುತ್ತದೆ, ಎರಡನೆಯದಕ್ಕೆ ನಗರದಲ್ಲಿ, ಮೂರನೆಯದಕ್ಕೆ ಹಳ್ಳಿಗಾಡಿನಲ್ಲಿ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ನಾವು ನೋಡಿದ್ದು ಅರ್ಧ ದೇಶ ಮಾತ್ರ.

ಈ ಮಾತನ್ನು ಪರೀಕ್ಷಿಸಿ ನೋಡಲು ಒಂದು ದೇಶವನ್ನು ಆರಿಸಿಕೊಳ್ಳೋಣ. ಅದು ಪೋರ್ಚುಗಲ್.

ಪೋರ್ಚುಗಲ್ಲೇ ಏಕೆ? ನಮ್ಮ ಪಠ್ಯಪುಸ್ತಕಗಳಲ್ಲಿ ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಯ ದಡದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತಾರೆ. 1961ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟುಹೋಗುತ್ತಾರೆ. ಅವರು ಎಂಥ ಊರುಗಳನ್ನು ಬಿಟ್ಟು ಬಂದರು, ಏಕೆ ಬಂದರು, ಇಲ್ಲಿಂದ ಒಯ್ದದ್ದು ಅಲ್ಲಿ ಏನಾಯಿತು ಎಂಬ ಪ್ರಶ್ನೆಗಳಿಗೆ ಪಾಠದಲ್ಲಿ ಜಾಗವಿರುವುದಿಲ್ಲ. ಆದರೆ ನಾವು ಬೀಗ ತೆಗೆಯುವ ಚಾವಿ, ಬಟ್ಟೆ ಇಡುವ ಅಲಮಾರು, ನೀರು ತುಂಬುವ ಪೀಪಾಯಿ, ಚರ್ಚಿನ ಪಾದ್ರಿ, ಕರಾವಳಿ ಮತ್ತು ಉತ್ತರ ಕರ್ನಾಟಕದ ಅಡುಗೆಮನೆಯ ಬಟಾಟೆ, ಇವೆಲ್ಲ ಪೋರ್ಚುಗೀಸ್ ಭಾಷೆಯಿಂದ ನಮ್ಮ ಮಾತಿಗೆ ಬಂದ ಪದಗಳು. ಅಮೆರಿಕ ಖಂಡದಲ್ಲಿ ಹುಟ್ಟಿದ ಮೆಣಸಿನಕಾಯಿ, ಗೋಡಂಬಿ, ಅನಾನಸುಗಳು ನಮಗೆ ಬಂದದ್ದು ಅವರ ಹಡಗುಗಳಲ್ಲೇ. ಹಡಗು ಬಂದ ದಡ ನಮ್ಮದು. ಹೊರಟ ದಡವನ್ನು ನೋಡಿ ಬರುವುದು ನಮ್ಮ ಚರಿತ್ರೆಯ ಇನ್ನೊಂದು ಪುಟವನ್ನು ಓದಿದಂತೆ.

ಮೊದಲು ನಕಾಶೆ

ಭೂಪಟವನ್ನು ಬಿಡಿಸಿ ನೋಡಿ. ಯುರೋಪಿನ ನೈಋತ್ಯ ತುದಿಯಲ್ಲಿ ಉದ್ದನೆಯ ಪಟ್ಟಿಯಂತೆ ಕಾಣುವ ದೇಶ ಇದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 560 ಕಿಲೋಮೀಟರ್, ಅಗಲ ಹೆಚ್ಚೆಂದರೆ 220. ವಿಸ್ತೀರ್ಣ ಸುಮಾರು 92,000 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಜನಸಂಖ್ಯೆ ಒಂದು ಕೋಟಿಗಿಂತ ತುಸು ಹೆಚ್ಚು. ಪೂರ್ವಕ್ಕೂ ಉತ್ತರಕ್ಕೂ ಸ್ಪೇನ್ ಒಂದೇ ನೆರೆ. ಉಳಿದ ಎರಡು ಕಡೆ ಅಟ್ಲಾಂಟಿಕ್ ಸಾಗರ. ಇಂಥ ದೇಶದ ಜನ ಕಡಲಿಗಿಳಿದದ್ದು ಆಶ್ಚರ್ಯವಲ್ಲ.

ಯಾವ ದಿಕ್ಕಿನಿಂದ ಪ್ರವಾಸ ಶುರುಮಾಡಬೇಕು? ಬಹಳ ಮಂದಿ ರಾಜಧಾನಿ ಲಿಸ್ಬನ್‌ನಲ್ಲಿ ಇಳಿದು, ಅಲ್ಲಿಂದ ದಕ್ಷಿಣದ ಮರಳದಂಡೆಗಳಿಗೆ ಹೋಗಿ ಮರಳುತ್ತಾರೆ. ನೀವು ಉತ್ತರದಿಂದ ದಕ್ಷಿಣಕ್ಕೆ ಇಳಿಯಿರಿ. ಅದಕ್ಕೆ ಕಾರಣವಿದೆ. ಈ ರಾಜ್ಯ ಬೆಳೆದದ್ದೇ ಆ ದಿಕ್ಕಿನಲ್ಲಿ. 12ನೆಯ ಶತಮಾನದಲ್ಲಿ ಇಲ್ಲಿನ ಉತ್ತರಭಾಗ ಕ್ರೈಸ್ತ ದೊರೆಗಳ ಕೈಯಲ್ಲಿ, ದಕ್ಷಿಣಭಾಗ ಮುಸ್ಲಿಮ್ ಅರಸರ ಕೈಯಲ್ಲಿ ಇತ್ತು. ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕ್ಸ್ 1147ರಲ್ಲಿ ಲಿಸ್ಬನ್ ನಗರವನ್ನು ಗೆದ್ದ. 1249ರ ವೇಳೆಗೆ ದಕ್ಷಿಣದ ಕಡಲತೀರವೂ ಆ ರಾಜ್ಯಕ್ಕೆ ಸೇರಿತು. 1297ರ ಒಪ್ಪಂದದಲ್ಲಿ ಗೊತ್ತಾದ ಗಡಿ ಹೆಚ್ಚುಕಡಿಮೆ ಇಂದಿಗೂ ಹಾಗೆಯೇ ಇದೆ. ಹೀಗೆ ಉತ್ತರದಿಂದ ಇಳಿಯುತ್ತ ಹೋದರೆ ನಿಮ್ಮ ಹಾದಿ ಮತ್ತು ಚರಿತ್ರೆಯ ಹಾದಿ ಒಂದೇ ಆಗುತ್ತವೆ.

ಕಾಲವನ್ನೂ ನೋಡಿಕೊಳ್ಳಬೇಕು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಒಣಗಿದ್ದು, ಒಳನಾಡಿನಲ್ಲಿ ಜುಲೈ, ಆಗಸ್ಟ್ ತಿಂಗಳ ಬಿಸಿಲು ಕೆಲವೊಮ್ಮೆ 40 ಡಿಗ್ರಿ ದಾಟುತ್ತದೆ. ಸೆಪ್ಟೆಂಬರ್ ಒಳ್ಳೆಯ ತಿಂಗಳು. ಆಗ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಊರಿನಿಂದ ಊರಿಗೆ ರೈಲು, ಬಸ್ಸುಗಳಿವೆ. ಪೋರ್ಟೊದಿಂದ ಲಿಸ್ಬನ್‌ಗೆ ಸುಮಾರು 300 ಕಿಲೋಮೀಟರ್. ವೇಗದ ರೈಲಿನಲ್ಲಿ ಮೂರು ಗಂಟೆಯ ಪ್ರಯಾಣ. ಹನ್ನೆರಡು ದಿನಗಳಿದ್ದರೆ ಈ ಯೋಜನೆಗೆ ಸಾಕು.

ಪೋರ್ಟೊ ಮತ್ತು ಡೋರೊ ಕಣಿವೆ: ಮೂರು ದಿನ

ಡೋರೊ ನದಿ ಸಮುದ್ರ ಸೇರುವಲ್ಲಿ ಪೋರ್ಟೊ ನಗರವಿದೆ. ರೋಮನರ ಕಾಲದ 'ಪೋರ್ಟುಸ್ ಕಾಲೆ' ಎಂಬ ಇಲ್ಲಿನ ರೇವಿನ ಹೆಸರೇ ಮುಂದೆ ಇಡೀ ದೇಶದ ಹೆಸರಾಯಿತು. ಇಲ್ಲಿನ ಸಾವೊ ಬೆಂಟೊ ರೈಲು ನಿಲ್ದಾಣದ ಗೋಡೆಗಳನ್ನು ಸುಮಾರು 20,000 ನೀಲಿ ಬಿಳಿ ಹೆಂಚುಬಿಲ್ಲೆಗಳು ಮುಚ್ಚಿವೆ. ಅವುಗಳಲ್ಲಿ ಒಂದು ಚಿತ್ರವನ್ನು ನಿಂತು ನೋಡಿ. 1415ರಲ್ಲಿ ಪೋರ್ಚುಗೀಸರು ಉತ್ತರ ಆಫ್ರಿಕದ ಸೆಯುಟಾ ಪಟ್ಟಣವನ್ನು ಗೆದ್ದ ಸಂದರ್ಭ ಅದು. ಕಡಲಾಚೆಯ ಅವರ ಸಾಮ್ರಾಜ್ಯ ಶುರುವಾದದ್ದು ಅಲ್ಲಿಂದ. ಚಿತ್ರದಲ್ಲಿರುವ ರಾಜಕುಮಾರ ಹೆನ್ರಿ 1394ರಲ್ಲಿ ಹುಟ್ಟಿದ್ದು ಇದೇ ಪೋರ್ಟೊದಲ್ಲಿ.

ಚಿತ್ರದಲ್ಲಿ ರಾಜಕುಮಾರನಿದ್ದಾನೆ. ಅವನ ಹಡಗುಗಳಿಗೆ ಆಹಾರ ಕೊಟ್ಟವರು ಯಾರು? ಪೋರ್ಟೊದ ಜನರನ್ನು ಇಂದಿಗೂ 'ತ್ರಿಪೆಯ್ರು' ಎಂದು ಕರೆಯುತ್ತಾರೆ. ಕರುಳು ತಿನ್ನುವವರು ಎಂದು ಅದರ ಅರ್ಥ. ಸೆಯುಟಾಕ್ಕೆ ಹೊರಟ ಹಡಗುಗಳಿಗೆ ಊರಿನ ಒಳ್ಳೆಯ ಮಾಂಸವನ್ನೆಲ್ಲ ಉಪ್ಪು ಹಾಕಿ ತುಂಬಿಕೊಟ್ಟು, ಜನ ತಮಗೆ ಕರುಳನ್ನು ಮಾತ್ರ ಉಳಿಸಿಕೊಂಡರಂತೆ. ಇದು ಐತಿಹ್ಯ, ದಾಖಲೆಯಲ್ಲ. ಆದರೂ ಸಾಮ್ರಾಜ್ಯವೊಂದರ ಮೊದಲ ಖರ್ಚನ್ನು ಹೊತ್ತವರು ಯಾರೆಂದು ಊರಿನ ಜನ ನೆನಪಿಟ್ಟುಕೊಂಡ ಬಗೆ ಇದು.

ಮೂರನೆಯ ದಿನ ಡೋರೊ ಕಣಿವೆಯ ರೈಲು ಹತ್ತಿ. ನದಿಯ ಎರಡೂ ದಡದಲ್ಲಿ ಕಡಿದಾದ ಗುಡ್ಡಗಳು. ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದ್ರಾಕ್ಷಿತೋಟಗಳು. ಕಲ್ಲನ್ನು ಒಡೆದು, ಒಡೆದ ಕಲ್ಲಿನಿಂದಲೇ ಗೋಡೆ ಕಟ್ಟಿ, ತಲೆಮಾರುಗಳ ಕಾಲ ಕೂಲಿಗಳು ಕೈಯಿಂದ ಮಾಡಿದ ಕೆಲಸ ಇದು. ಇಲ್ಲಿಯ ದ್ರಾಕ್ಷಾರಸವನ್ನು ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ, ಚಪ್ಪಟೆ ತಳದ ದೋಣಿಗಳಲ್ಲಿ ಪೋರ್ಟೊದ ಎದುರು ದಡಕ್ಕೆ ಸಾಗಿಸುತ್ತಿದ್ದರು. ಅವರ ಭಾಷೆಯಲ್ಲಿ ಆ ಮರದ ಪಾತ್ರೆಗೆ 'ಪೀಪಾ' ಎಂದೇ ಹೆಸರು. ಈ ಮದ್ಯದ ದೊಡ್ಡ ಗಿರಾಕಿ ಇಂಗ್ಲೆಂಡ್. ಕಲಬೆರಕೆ ಹೆಚ್ಚಾಗಿ ಬೆಲೆ ಬಿದ್ದಾಗ, 1756ರಲ್ಲಿ ಸರ್ಕಾರ ಈ ಕಣಿವೆಗೆ ಗಡಿ ಗೊತ್ತುಮಾಡಿ, ಅದರೊಳಗೆ ಬೆಳೆದದ್ದಕ್ಕೆ ಮಾತ್ರ ಈ ಹೆಸರು ಎಂದು ಕಟ್ಟಳೆ ಮಾಡಿತು. ಅಂದು ನೆಟ್ಟ ಗಡಿಕಲ್ಲುಗಳಲ್ಲಿ ಕೆಲವು ಇನ್ನೂ ಉಳಿದಿವೆ.

ಉಪ್ಪು, ಮೀನು, ಪೈನ್ ಮರ: ಮೂರು ದಿನ

ಪೋರ್ಟೊದಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗೆ ಅವೆಯ್ರೊ ಸಿಗುತ್ತದೆ. ಇದು ಹಿನ್ನೀರಿನ ಊರು. ಇಲ್ಲಿನ ಉಪ್ಪಿನಗದ್ದೆಗಳನ್ನು ನೋಡಿದರೆ ನಿಮಗೆ ಗೋಕರ್ಣದ ಸಾಣಿಕಟ್ಟೆ ನೆನಪಾಗಬಹುದು. ಈ ಉಪ್ಪಿಗೂ ಪೋರ್ಚುಗೀಸರ ಊಟಕ್ಕೂ ಹತ್ತಿರದ ನಂಟು. ಅವರಿಗೆ ಅತ್ಯಂತ ಪ್ರಿಯವಾದ 'ಬಕಲ್ಯಾವ್' ಎಂಬುದು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಆದರೆ ಕಾಡ್ ಅವರ ಕರಾವಳಿಯ ಮೀನಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ಗಳ ಹಿಮಗಡಲಿಗೆ ತಿಂಗಳುಗಟ್ಟಲೆ ಹೋಗಿ ಹಿಡಿದು ತರಬೇಕಿತ್ತು. 20ನೆಯ ಶತಮಾನದಲ್ಲೂ ಬೆಸ್ತರು ದೊಡ್ಡ ಹಡಗಿನಿಂದ ಪುಟ್ಟ ದೋಣಿಗಳಲ್ಲಿ ಒಬ್ಬೊಬ್ಬರೇ ಇಳಿದು, ಮಂಜಿನಲ್ಲಿ ಗಾಳ ಹಾಕುತ್ತಿದ್ದರು. ಪಕ್ಕದ ಇಲ್ಯಾವು ಪಟ್ಟಣದ ಕಡಲ ವಸ್ತುಸಂಗ್ರಹಾಲಯದಲ್ಲಿ ಅವರ ದೋಣಿ, ಗಾಳಗಳನ್ನು ಇಟ್ಟಿದ್ದಾರೆ. ವಾಸ್ಕೋ ಡ ಗಾಮನ ಹೆಸರು ಎಲ್ಲರಿಗೂ ಗೊತ್ತು. ಈ ಬೆಸ್ತರ ಹೆಸರನ್ನು ಅಲ್ಲಿಗೇ ಹೋಗಿ ಓದಬೇಕು.

ಅಲ್ಲಿಂದ ಕೊಯಿಂಬ್ರಾ. 1290ರಲ್ಲಿ ಲಿಸ್ಬನ್‌ನಲ್ಲಿ ಆರಂಭವಾದ ವಿಶ್ವವಿದ್ಯಾನಿಲಯ 1537ರಲ್ಲಿ ಈ ಊರಿಗೆ ಬಂದು ಕಾಯಂ ಆಗಿ ನೆಲೆಸಿತು. 18ನೆಯ ಶತಮಾನದ ಇಲ್ಲಿನ ಗ್ರಂಥಾಲಯದಲ್ಲಿ ಬಾವಲಿಗಳು ವಾಸವಾಗಿವೆ. ಪುಸ್ತಕ ತಿನ್ನುವ ಹುಳುಗಳನ್ನು ಅವು ರಾತ್ರಿ ಹಿಡಿದು ತಿನ್ನುವುದರಿಂದ ಅವುಗಳನ್ನು ಓಡಿಸಿಲ್ಲ. ಮೇಜುಗಳಿಗೆ ಸಂಜೆ ಚರ್ಮದ ಹೊದಿಕೆ ಹಾಕಿ ಬೆಳಿಗ್ಗೆ ತೆಗೆಯುತ್ತಾರೆ.

ಕೊಯಿಂಬ್ರಾದಿಂದ ಲಿಸ್ಬನ್‌ಗೆ ಹೋಗುವ ದಾರಿಯಲ್ಲಿ ಲೆಯ್ರಿಯಾದ ಪೈನ್ ಕಾಡಿಗೆ ಒಂದು ದಿನ ಕೊಡಿ. ಪ್ರವಾಸಿ ಪುಸ್ತಕಗಳು ಇದನ್ನು ಹೆಚ್ಚಾಗಿ ಹೇಳುವುದಿಲ್ಲ. ಕಡಲ ಮರಳು ಹೊಲಗಳ ಮೇಲೆ ನುಗ್ಗದಂತೆ ತಡೆಯಲು ಮಧ್ಯಯುಗದ ದೊರೆಗಳು ಬೆಳೆಸಿದ ಕಾಡು ಇದು. 1279ರಿಂದ 1325ರವರೆಗೆ ಆಳಿದ ದೊರೆ ದಿನಿಸ್‌ನ ಹೆಸರನ್ನು ಇದರ ಜೊತೆ ವಿಶೇಷವಾಗಿ ಹೇಳುತ್ತಾರೆ. ಮುಂದೆ ಇದೇ ಕಾಡು ಹಡಗು ಕಟ್ಟಲು ಮರವನ್ನೂ, ಹಲಗೆಗಳ ಸಂದಿಗೆ ಬಳಿಯಲು ಅಂಟನ್ನೂ ಕೊಟ್ಟಿತು. ನೋಡಿ, ರೈತನ ಹೊಲವನ್ನು ಕಾಯಲು ನೆಟ್ಟ ಮರ ಎರಡು ಶತಮಾನಗಳ ನಂತರ ಸಾಮ್ರಾಜ್ಯದ ಹಡಗಾಯಿತು. 2017ರ ಅಕ್ಟೋಬರಿನ ಬೆಂಕಿಯಲ್ಲಿ ಈ ಕಾಡಿನ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಸುಟ್ಟುಹೋಯಿತು. ಮತ್ತೆ ಬೆಳೆಯಲು ಬಹುಕಾಲ ಬೇಕು.

ಲಿಸ್ಬನ್: ಮೂರು ದಿನ

ತೇಜೊ ನದಿಯ ಅಗಲವಾದ ಮುಖದಲ್ಲಿ ಲಿಸ್ಬನ್ ಇದೆ. ಮೊದಲ ದಿನ ಬೆಲೆಂ ಎಂಬ ಬಡಾವಣೆಗೆ ಹೋಗಿ. 1497ರ ಜುಲೈ 8ರಂದು ವಾಸ್ಕೋ ಡ ಗಾಮ ನಾಲ್ಕು ಹಡಗುಗಳೊಂದಿಗೆ ಹೊರಟದ್ದು ಇಲ್ಲಿಂದ. ಹೋದವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಮಾತ್ರ ಜೀವಂತ ಮರಳಿದರು. ಆ ನಂತರ ಇಲ್ಲಿ ಕಟ್ಟಿದ ಜೆರೋನಿಮುಸ್ ಮಠವನ್ನು ನೋಡಿ. ಕಲ್ಲಿನಲ್ಲಿ ಹಗ್ಗ, ಹವಳ, ಕಡಲ ಬಳ್ಳಿಗಳನ್ನು ಕೆತ್ತಿದ್ದಾರೆ. ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ವಿಧಿಸಿದ ನೂರಕ್ಕೆ ಐದರ ತೆರಿಗೆಯಿಂದ ಇದು ಎದ್ದುನಿಂತಿತು. ಹಣ ಎಲ್ಲಿಂದ ಬಂತು ಎಂಬ ನಮ್ಮ ಎರಡನೆಯ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಕೊಡುವ ಕಟ್ಟಡಗಳು ಕಡಿಮೆ.

ಇಲ್ಲಿ ನಿಂತಾಗ ನಮ್ಮ ಕರಾವಳಿಯನ್ನು ನೆನೆಯಬೇಕು. 1510ರಲ್ಲಿ ಆಲ್ಬುಕರ್ಕ್‌ನಿಗೆ ಗೋವೆಯ ಮೇಲೆ ದಾಳಿ ಮಾಡುವಂತೆ ಸೂಚಿಸಿ ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ. ಅವರೊಂದಿಗೆ ಕಾದಾಡಿದವಳು ಉಳ್ಳಾಲದ ರಾಣಿ ಅಬ್ಬಕ್ಕ. ಅವರಿಂದಲೇ ಮೆಣಸಿನ ರಾಣಿ ಎಂಬ ಹೆಸರು ಪಡೆದವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ಗೋವೆಯ ಪೋರ್ಚುಗೀಸರು ಉಂಡ ಅಕ್ಕಿಯಲ್ಲಿ ದೊಡ್ಡ ಪಾಲು ಬಸರೂರು, ಮಂಗಳೂರುಗಳ ಕಡೆಯ ಗದ್ದೆಗಳದು. 17ನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕ ಕರಾವಳಿಯ ಕೋಟೆಗಳಿಂದ ಅವರನ್ನು ಹೊರಗಟ್ಟಿದ. ಗೋವೆಯಲ್ಲಿ 1560ರಿಂದ ನಡೆದ ಧಾರ್ಮಿಕ ವಿಚಾರಣೆಯ ಕಾಲದಲ್ಲಿ ಊರು ಬಿಟ್ಟು ದಕ್ಷಿಣಕ್ಕೆ ಬಂದ ಹಿಂದೂಗಳ, ಕ್ರೈಸ್ತರ ವಂಶಗಳು ಇಂದೂ ನಮ್ಮ ಕರಾವಳಿಯಲ್ಲಿ ಕೊಂಕಣಿ ಮಾತನಾಡುತ್ತವೆ. ನೆರವು, ಎದುರಾಟ, ವ್ಯಾಪಾರ, ವಲಸೆ, ಇವೆಲ್ಲ ಒಟ್ಟಿಗೆ ನಡೆದವು. ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಚರಿತ್ರೆ ಇದಲ್ಲ.

ಇನ್ನೊಂದು ಸಂಬಂಧವೂ ಇದೆ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯಸ್, ಅಚ್ಯುತರಾಯನ ಕಾಲದಲ್ಲಿ ಬರೆದ ಕುದುರೆ ವ್ಯಾಪಾರಿ ನೂನಿಜ್, ಇಬ್ಬರೂ ಪೋರ್ಚುಗೀಸರು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಅವರ ಬರಹಗಳನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸ 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚುಹಾಕಿಸಿದ. 1900ರಲ್ಲಿ ರಾಬರ್ಟ್ ಸೆವೆಲ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವುಗಳ ಇಂಗ್ಲಿಷ್ ಅನುವಾದ ಕೊಟ್ಟ. ಹಂಪಿಯ ಬೀದಿಗಳಲ್ಲಿ ಅಂದು ಏನು ಮಾರುತ್ತಿದ್ದರು ಎಂಬುದನ್ನು ನಾವು ತಿಳಿಯುವುದು ಬಹುಮಟ್ಟಿಗೆ ಈ ಹೊರಗಿನವರ ಕಣ್ಣಿನಿಂದ.

ಎರಡನೆಯ ದಿನ ನಗರದ ನಡುಭಾಗಕ್ಕೆ ಬನ್ನಿ. 1755ರ ನವೆಂಬರ್ 1ರ ಬೆಳಿಗ್ಗೆ, ಹಬ್ಬದ ಪೂಜೆಗೆಂದು ಜನ ಚರ್ಚುಗಳಲ್ಲಿ ಸೇರಿದ್ದಾಗ, ಭಾರಿ ಭೂಕಂಪವಾಯಿತು. ಹಿಂದೆಯೇ ಕಡಲು ಉಕ್ಕಿತು, ಆಮೇಲೆ ಬೆಂಕಿ. ಸಾವಿರಾರು ಜನ ಸತ್ತರು. ಪೂರ್ವದ ವ್ಯಾಪಾರವನ್ನೆಲ್ಲ ನಡೆಸುತ್ತಿದ್ದ 'ಇಂಡಿಯಾ ಭವನ' ತನ್ನ ಕಾಗದಪತ್ರಗಳೊಂದಿಗೆ ನಾಶವಾಯಿತು. ಕಾರ್ಮೊ ಮಠದ ಚಾವಣಿಯಿಲ್ಲದ ಕಮಾನುಗಳನ್ನು ಇಂದಿಗೂ ನೆನಪಿಗಾಗಿ ಹಾಗೆಯೇ ಉಳಿಸಿದ್ದಾರೆ. ಅಂದಿನ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ನೇರ ಬೀದಿಗಳ ಹೊಸ ಪೇಟೆಯನ್ನು ಕಟ್ಟಿಸಿದ. ಕಟ್ಟಡಗಳ ಗೋಡೆಯೊಳಗೆ ಪಂಜರದಂಥ ಮರದ ಚೌಕಟ್ಟನ್ನು ಇರಿಸಿ, ನೆಲ ನಡುಗಿದರೂ ಕುಸಿಯದಂತೆ ನೋಡಿಕೊಂಡರು. ನಾಡಿನ ಪ್ರತಿಯೊಂದು ಚರ್ಚಿಗೂ ಪ್ರಶ್ನಾವಳಿ ಕಳುಹಿಸಿದರು. ಕಂಪನ ಎಷ್ಟು ಹೊತ್ತಿತ್ತು, ಎಷ್ಟು ಮಂದಿ ಸತ್ತರು, ಕಡಲು ಮೊದಲು ಹಿಂದೆ ಸರಿಯಿತೇ ಅಥವಾ ಏರಿತೇ ಎಂದೆಲ್ಲ ಕೇಳಿದರು. ಭೂಕಂಪವನ್ನು ವೈಜ್ಞಾನಿಕವಾಗಿ ಅರಿಯುವ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ಡೋರೊ ಕಣಿವೆಗೆ ಗಡಿ ಹಾಕಿದ್ದೂ ಇದೇ ಮಂತ್ರಿ. ಆದರೆ ಇವನು ವಿರೋಧಿಗಳನ್ನು ನಿರ್ದಯವಾಗಿ ಹತ್ತಿಕ್ಕಿದ ಎಂಬುದನ್ನೂ ಟಿಪ್ಪಣಿ ಮಾಡಿಕೊಳ್ಳಿ.

ಮೂರನೆಯ ದಿನ ಹತ್ತಿರದ ಕಾಲಕ್ಕೆ. 1961ರಿಂದ 13 ವರ್ಷ ಪೋರ್ಚುಗಲ್ ಆಫ್ರಿಕದ ಅಂಗೋಲಾ, ಗಿನಿ, ಮೊಜಾಂಬಿಕ್‌ಗಳನ್ನು ಬಿಟ್ಟುಕೊಡದೆ ಯುದ್ಧ ಮಾಡಿತು. ಸರ್ವಾಧಿಕಾರದ ಆ ಆಡಳಿತದಲ್ಲಿ ಬಡತನ ತಾಳಲಾರದೆ, ಸೈನ್ಯಕ್ಕೆ ಸೇರಲು ಮನಸ್ಸಿಲ್ಲದೆ, ಹತ್ತು ಲಕ್ಷಕ್ಕೂ ಹೆಚ್ಚು ಜನ ಫ್ರಾನ್ಸ್ ಮೊದಲಾದ ದೇಶಗಳಿಗೆ ಕೂಲಿಗೆ ಹೋದರು. ಕೊನೆಗೆ 1974ರ ಏಪ್ರಿಲ್ 25ರಂದು ಸೈನ್ಯದ ಕಿರಿಯ ಅಧಿಕಾರಿಗಳೇ ದಂಗೆಯೆದ್ದರು. ಜನ ಬೀದಿಗೆ ಬಂದು ಸೈನಿಕರ ಬಂದೂಕಿನ ನಳಿಕೆಗೆ ಕಾರ್ನೇಶನ್ ಹೂ ಸಿಕ್ಕಿಸಿದರು. ಆ ರಾತ್ರಿ ದಂಗೆಗೆ ಸಂಕೇತವಾದದ್ದು ರೇಡಿಯೊದಲ್ಲಿ ಬಂದ ಒಂದು ಹಾಡು. ಜೋಸೆ ಅಫೊನ್ಸೊ ಹಾಡಿದ ಆ ಗೀತೆ ಗ್ರಾಂದೊಲಾ ಎಂಬ ಊರನ್ನು ಕುರಿತದ್ದು. ರಾಜಧಾನಿಯ ಆಡಳಿತವನ್ನು ಬದಲಿಸಿದ ರಾತ್ರಿ ಕೇಳಿಬಂದದ್ದು ಹಳ್ಳಿಗಾಡಿನ ಒಂದು ಪಟ್ಟಣದ ಹೆಸರು. ಅದೇ ವರ್ಷದ ಕೊನೆಯಲ್ಲಿ ಭಾರತಕ್ಕೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಗೋವೆ ಭಾರತದ್ದೆಂದು ಅದು ಒಪ್ಪಿಕೊಂಡಿತು.

ಅಲೆಂತೆಜು: ಒಂದು ದಿನ

ಗ್ರಾಂದೊಲಾ ಇರುವ ನಾಡಿನ ಹೆಸರು ಅಲೆಂತೆಜು. 'ತೇಜೊ ನದಿಯಾಚೆ' ಎಂದು ಅದರ ಅರ್ಥ. ಇದರ ಮುಖ್ಯ ಪಟ್ಟಣ ಎವೊರಾ, ಲಿಸ್ಬನ್‌ನಿಂದ ಸುಮಾರು 130 ಕಿಲೋಮೀಟರ್. ಅಲ್ಲಿ ರೋಮನರ ದೇಗುಲವೊಂದರ ಕಂಬಗಳು ಇನ್ನೂ ನಿಂತಿವೆ. ಮಧ್ಯಯುಗದಿಂದ 1836ರವರೆಗೆ ಆ ದೇಗುಲ ಮಾಂಸದ ಅಂಗಡಿಯಾಗಿತ್ತು. ಗೋಡೆ ಕಟ್ಟಿ ಬಳಸುತ್ತಿದ್ದುದರಿಂದಲೇ ಕಂಬಗಳು ಉಳಿದುಕೊಂಡವು.

ಪಟ್ಟಣದ ಹೊರಗೆ ಗೋಧಿಯ ಬಯಲು, ಆಲಿವ್ ತೋಟ, ಕಾರ್ಕ್ ಓಕ್ ಮರಗಳು. ಬಾಟಲಿಗೆ ಹಾಕುವ ಬಿರಡೆಯ ಬೆಂಡು ಈ ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ನೆಟ್ಟ ಸುಮಾರು 25 ವರ್ಷಕ್ಕೆ ಮೊದಲ ಬಾರಿ ತೊಗಟೆ ಬಿಡಿಸುತ್ತಾರೆ; ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಬಿರಡೆಗೆ ಯೋಗ್ಯವಾದ ತೊಗಟೆ ಸಿಗುವುದು ಮೂರನೆಯ ಸಲದಿಂದ. ತೊಗಟೆ ತೆಗೆದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. 4 ಎಂದಿದ್ದರೆ 2024ರಲ್ಲಿ ತೆಗೆದದ್ದು, ಇನ್ನು 2033ಕ್ಕೆ ಎಂದು ನೀವೇ ಲೆಕ್ಕ ಹಾಕಬಹುದು.

ಈ ಬಯಲಿನ ಚೆಲುವಿನ ಹಿಂದೆ ಕಷ್ಟದ ಕಥೆಯಿದೆ. ಸಾವಿರಾರು ಎಕರೆಯ ಜಮೀನುಗಳು ಕೆಲವೇ ಮನೆತನಗಳ ಕೈಯಲ್ಲಿದ್ದವು. ಉಳುವವರು ದಿನಗೂಲಿಗಳು, ಸುಗ್ಗಿ ಮುಗಿದರೆ ಕೆಲಸವಿಲ್ಲ. 1974ರ ಕ್ರಾಂತಿಯ ಬೆನ್ನಿಗೆ ಕೂಲಿಗಾರರು ಹತ್ತು ಲಕ್ಷ ಹೆಕ್ಟೇರಿನಷ್ಟು ಜಮೀನನ್ನು ವಶಪಡಿಸಿಕೊಂಡು ಸಾಮೂಹಿಕವಾಗಿ ಉತ್ತರು. ಮುಂದಿನ ವರ್ಷಗಳಲ್ಲಿ ಕಾನೂನು ಬದಲಾಗಿ ಬಹುಪಾಲು ಜಮೀನು ಹಳೆಯ ಒಡೆಯರಿಗೆ ಮರಳಿತು. ಬೆಲೆಂನ ಮಠವನ್ನು ನೋಡಿ ಬಂದ ಕಣ್ಣಿಗೆ ಇಲ್ಲಿನ ಸುಣ್ಣ ಬಳಿದ ಪುಟ್ಟ ಮನೆಗಳು ಒಂದು ಪ್ರಶ್ನೆಯನ್ನು ಎತ್ತುತ್ತವೆ. ಲೋಕದ ಸಂಪತ್ತೆಲ್ಲ ಲಿಸ್ಬನ್ ರೇವಿಗೆ ಬರುತ್ತಿದ್ದ ಕಾಲದಲ್ಲಿ ಅದರಲ್ಲಿ ಈ ಕೂಲಿಗಾರನ ಅಜ್ಜನಿಗೆ ಎಷ್ಟು ಸಿಕ್ಕಿತು?

ಲಾಗೋಸ್ ಮತ್ತು ಸಾಗ್ರೆಸ್: ಎರಡು ದಿನ

ದಕ್ಷಿಣದ ಕರಾವಳಿಗೆ ಅಲ್ಗಾರ್ವ್ ಎಂದು ಹೆಸರು; 'ಪಶ್ಚಿಮ' ಎಂಬ ಅರ್ಥದ ಅರಬ್ಬೀ ಮಾತಿನಿಂದ ಬಂದದ್ದು. ಬಂಗಾರದ ಬಣ್ಣದ ಬಂಡೆಗಳು, ನೀಲಿ ನೀರು. ಪ್ರವಾಸಿಗಳು ತುಂಬಿ ತುಳುಕುವ ಜಾಗ. ನೀವೂ ನೀರಿಗಿಳಿಯಿರಿ. ಆದರೆ ಲಾಗೋಸ್ ಪಟ್ಟಣದಲ್ಲಿ ಅರ್ಧ ದಿನ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

1444ರ ಆಗಸ್ಟ್ 8ರಂದು ಆಫ್ರಿಕದ ದಡದಿಂದ ಹಿಡಿದು ತಂದ 235 ಜನರನ್ನು ಇಲ್ಲಿ ಹಡಗಿನಿಂದ ಇಳಿಸಿ ಹಂಚಿಕೊಂಡರು. ಕುದುರೆಯ ಮೇಲೆ ಕುಳಿತು ತನ್ನ ಪಾಲನ್ನು ಪಡೆದವನು ಪೋರ್ಟೊ ನಿಲ್ದಾಣದ ಚಿತ್ರದಲ್ಲಿ ಕಂಡ ಅದೇ ರಾಜಕುಮಾರ ಹೆನ್ರಿ. ತಾಯಿ ಮಕ್ಕಳನ್ನು, ಗಂಡ ಹೆಂಡಿರನ್ನು ಬೇರ್ಪಡಿಸಿದ ಆ ದೃಶ್ಯವನ್ನು ಆಸ್ಥಾನದ ಚರಿತ್ರಕಾರ ಜುರಾರಾ ಮರುಕದಿಂದಲೇ ದಾಖಲಿಸಿದ್ದಾನೆ. ನೂರು ವರ್ಷ ಕಳೆಯುವಷ್ಟರಲ್ಲಿ ಲಿಸ್ಬನ್ ನಿವಾಸಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಗುಲಾಮರಾಗಿದ್ದರು. 2009ರಲ್ಲಿ ಲಾಗೋಸಿನ ಕೋಟೆಗೋಡೆಯ ಹೊರಗೆ ವಾಹನ ನಿಲುಗಡೆಗೆಂದು ಅಗೆಯುವಾಗ, ಹಳೆಯ ಕಸದ ಗುಂಡಿಯಲ್ಲಿ 150ಕ್ಕೂ ಹೆಚ್ಚು ಆಫ್ರಿಕನ್ನರ ಅಸ್ಥಿಪಂಜರಗಳು ಸಿಕ್ಕವು. ಗುಲಾಮರ ಮಾರುಕಟ್ಟೆಯ ಕಟ್ಟಡದಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ.

ಕೊನೆಯ ದಿನ ಸಾಗ್ರೆಸ್. ರಾಜಕುಮಾರ ಹೆನ್ರಿ 1460ರಲ್ಲಿ ತೀರಿಕೊಂಡದ್ದು ಇಲ್ಲಿ. ಹತ್ತಿರದ ಸೇಂಟ್ ವಿನ್ಸೆಂಟ್ ಭೂಶಿರದಲ್ಲಿ ಯುರೋಪಿನ ನೆಲ ಮುಗಿಯುತ್ತದೆ. ಲಿಸ್ಬನ್‌ನಿಂದ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೊರಟ ಹಡಗುಗಳು ಆಫ್ರಿಕವನ್ನು ಸುತ್ತಿ, ನಮ್ಮ ಮುಂಗಾರಿನ ಗಾಳಿ ಹಿಡಿದು, ಎಲ್ಲ ಸರಿಹೋದರೆ ಸೆಪ್ಟೆಂಬರ್ ವೇಳೆಗೆ ಭಾರತ ಮುಟ್ಟುತ್ತಿದ್ದವು. ನಮ್ಮ ರೈತ ಬಿತ್ತನೆಗೆ ಕಾಯುವ ಗಾಳಿಗೇ ಅವರೂ ಕಾಯುತ್ತಿದ್ದರು.

ನೀವು ಮಾಡಬೇಕಾದದ್ದು

ಇಷ್ಟು ಓದಿದ ಮೇಲೆ, ಅಷ್ಟು ದೂರ ಹೋಗಲು ನಮಗೆ ಹಣವೆಲ್ಲಿದೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಪ್ರವಾಸದ ಯೋಜನೆ ಹಾಕಲು ಹಣ ಬೇಕಿಲ್ಲ. ಒಂದು ನಕಾಶೆ, ಒಂದು ನೋಟುಪುಸ್ತಕ, ಗ್ರಂಥಾಲಯದ ಕೆಲವು ಪುಸ್ತಕಗಳು ಸಾಕು. ಪುಟದಲ್ಲಿ ಮೂರು ಅಂಕಣ ಮಾಡಿ: ನಗರ, ಕರಾವಳಿ, ಹಳ್ಳಿಗಾಡು. ಪ್ರತಿಯೊಂದು ಊರಿನ ಮುಂದೆ ನಮ್ಮ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಹೋಗಿ. ಯಾವ ಅಂಕಣ ಖಾಲಿ ಉಳಿಯುತ್ತದೋ ಅದರ ಬಗ್ಗೆ ಇನ್ನಷ್ಟು ಓದಬೇಕು ಎಂದರ್ಥ. ಹೆಚ್ಚಾಗಿ ಖಾಲಿ ಉಳಿಯುವುದು ಹಳ್ಳಿಗಾಡಿನ ಅಂಕಣವೇ.

ಇದೇ ಕೆಲಸವನ್ನು ಹೊನ್ನಾವರ, ಗೇರುಸೊಪ್ಪೆ, ಬಸರೂರುಗಳಿಗೂ ಮಾಡಿ ನೋಡಿ. ಅಲ್ಲಿಗೆ ಬಸ್ಸಿನಲ್ಲಿ ಹೋಗಬಹುದು. ಲಿಸ್ಬನ್ ರೇವಿನ ಲೆಕ್ಕದ ಇನ್ನೊಂದು ಬದಿ ಅಲ್ಲಿದೆ. ಎರಡೂ ಬದಿಗಳನ್ನು ಒಟ್ಟಿಗೆ ಇಟ್ಟು ಓದುವವರು ನೀವಾಗಬೇಕು.

ಯೋಚಿಸಿ, ಚರ್ಚಿಸಿ

1. ಲೆಯ್ರಿಯಾದ ಕಾಡು, ಅವೆಯ್ರೊದ ಉಪ್ಪು, ಬಸರೂರಿನ ಅಕ್ಕಿ, ಇವುಗಳಿಗೂ ಸಾಮ್ರಾಜ್ಯಕ್ಕೂ ಇರುವ ಸಂಬಂಧವೇನು?

2. ಒಬ್ಬನೇ ರಾಜಕುಮಾರ ಪೋರ್ಟೊದಲ್ಲಿ ವೀರನಾಗಿಯೂ ಲಾಗೋಸ್‌ನಲ್ಲಿ ಬೇರೆಯಾಗಿಯೂ ಕಾಣುತ್ತಾನೆ. ಇತಿಹಾಸದ ವಿದ್ಯಾರ್ಥಿ ಇದನ್ನು ಹೇಗೆ ಬರೆಯಬೇಕು?

3. ನಿಮ್ಮ ಜಿಲ್ಲೆಯ ಒಂದು ಹಳೆಯ ಕಟ್ಟಡವನ್ನು ಆರಿಸಿ. ಅದಕ್ಕೆ ಹಣ ಎಲ್ಲಿಂದ ಬಂತು ಎಂಬುದನ್ನು ಶಾಸನ, ಗ್ಯಾಸೆಟಿಯರ್, ಊರಿನ ಹಿರಿಯರ ಮಾತು, ಈ ಮೂರರಿಂದ ಪತ್ತೆ ಮಾಡಿ.